ಅಗಲಿದವರ ಪುಟದಲ್ಲಿ ಹುಟ್ಟಿದ ಊರನ್ನೂ ಬರೆಯಿರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಡಿಸೆಂಬರ್ ಮುಗಿಯುತ್ತಾ ಬಂತು. ಇನ್ನು ಕೆಲವೇ ದಿನಗಳಲ್ಲಿ ನಿಮ್ಮ ಪತ್ರಿಕೆಯಲ್ಲೂ ಬೇರೆ ಪತ್ರಿಕೆಗಳಲ್ಲೂ ‘2023ರಲ್ಲಿ ನಮ್ಮನ್ನು ಅಗಲಿದವರು’ ಅಂತ ಒಂದು ಪುಟ ಬರುತ್ತದೆ. ಅದು ಅಚ್ಚಿಗೆ ಹೋಗುವ ಮೊದಲೇ ಈ ಪತ್ರ ನಿಮಗೆ ಮುಟ್ಟಲಿ ಅಂತ ಸ್ವಲ್ಪ ಅವಸರದಲ್ಲಿ ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ. ಓದುಗರ ಅಂಕಣದಲ್ಲಿ ಹಿಡಿಸದಿದ್ದರೆ ಕತ್ತರಿಸಿ ಹಾಕಿ, ಬೇಸರ ಇಲ್ಲ. ಆದರೆ ಆ ಪುಟ ಮಾಡುವವರ ಕೈಗೆ ಮಾತ್ರ ಪೂರ್ತಿಯಾಗಿ ಕೊಡಿ.

ವಿಷಯ ಇಷ್ಟೇ. ಈ ವರ್ಷ ಶುರುವಾಗಿ ಎರಡು ತಿಂಗಳು ತುಂಬುವ ಮೊದಲೇ ನಮ್ಮ ಕಾಸರಗೋಡು ಮೂವರನ್ನು ಕಳೆದುಕೊಂಡಿತು. ಜನವರಿ 10ಕ್ಕೆ ಸಾರಾ ಅಬೂಬಕ್ಕರ್. ಜನವರಿ 30ಕ್ಕೆ ಕೆ.ವಿ. ತಿರುಮಲೇಶ್. ಫೆಬ್ರವರಿ 16ಕ್ಕೆ ಬಲಿಪ ನಾರಾಯಣ ಭಾಗವತರು. ಒಬ್ಬರು ಕಾದಂಬರಿ ಬರೆದವರು, ಒಬ್ಬರು ಕವಿ ಮತ್ತು ಭಾಷಾವಿಜ್ಞಾನಿ, ಒಬ್ಬರು ಯಕ್ಷಗಾನದ ಭಾಗವತರು. ಮೂವರೂ ತೀರಿಕೊಂಡದ್ದು ಮಾತ್ರ ಜಿಲ್ಲೆಯ ಹೊರಗೆ. ಸಾರಾ ಮಂಗಳೂರಲ್ಲಿ, ತಿರುಮಲೇಶ್ ಹೈದರಾಬಾದಿನಲ್ಲಿ, ಬಲಿಪರು ಮೂಡುಬಿದಿರೆ ಹತ್ತಿರದ ಮಾರೂರಿನಲ್ಲಿ. ಹಾಗಾಗಿ ಎಂತ ಆಗುತ್ತದೆ ಅಂದರೆ, ‘ಮಂಗಳೂರಿನ ಲೇಖಕಿ’, ‘ಹೈದರಾಬಾದ್ ಕನ್ನಡಿಗ’, ‘ಮೂಡುಬಿದಿರೆಯ ಭಾಗವತರು’ ಅಂತ ಸುದ್ದಿ ಬರುತ್ತದೆ. ಸತ್ತ ಊರಿನಿಂದ ಸುದ್ದಿ ಹೊರಡುತ್ತದೆ, ಹುಟ್ಟಿದ ಊರು ಕೊನೆ ಪ್ಯಾರಾದಲ್ಲಿ ಇದ್ದರೆ ಉಂಟು, ಜಾಗ ಸಾಲದಿದ್ದರೆ ಅದೂ ಇಲ್ಲ. ಮಲಯಾಳ ಪತ್ರಿಕೆಗಳ ಪಟ್ಟಿಯಲ್ಲಿ ಇವರನ್ನು ಹುಡುಕುವುದು ಸುಮ್ನೆ. ಅವರಿಗೆ ಇವರು ಕನ್ನಡದವರು, ಬೆಂಗಳೂರಿನವರಿಗೆ ಇವರು ಕೇರಳದವರು.

ಇದು ಬರೀ ಊರ ಅಭಿಮಾನ ಅಂತ ನೀವು ಹೇಳಬಹುದು. ಸ್ವಲ್ಪ ಅದೂ ಉಂಟು, ಇಲ್ಲ ಅನ್ನುವುದಿಲ್ಲ. ಆದರೆ ಹುಟ್ಟಿದ ಊರನ್ನು ತೆಗೆದರೆ ಈ ಮೂವರ ಕೆಲಸವೇ ಅರ್ಧ ಅರ್ಥವಾಗುವುದಿಲ್ಲ.

ಬಲಿಪರನ್ನೇ ನೋಡಿ. ಅವರು ಹುಟ್ಟಿದ್ದು 1938ರಲ್ಲಿ, ಪಡ್ರೆಯಲ್ಲಿ. ಪಡ್ರೆ ಅಂದರೆ ಹೊರಗಿನವರಿಗೆ ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ನರಳಿದ ಊರು. ಟಿವಿಯವರು ಬಂದದ್ದು ಅದಕ್ಕೇ, ಮತ್ತೆ ಬೇರೆ ಯಾವುದಕ್ಕೂ ಬಂದದ್ದು ನಾವು ಕಾಣೆವು. ಆದರೆ ಯಕ್ಷಗಾನ ಗೊತ್ತಿದ್ದವರಿಗೆ ಪಡ್ರೆ ಅಂದರೆ ಬಲಿಪ ಮನೆತನ. ಇವರ ಅಜ್ಜ, ಅದೇ ಹೆಸರಿನ ಹಿರಿಯ ಬಲಿಪ ನಾರಾಯಣ ಭಾಗವತರೂ ದೊಡ್ಡ ಭಾಗವತರು. ಆ ಅಜ್ಜನ ದಾರಿಯಲ್ಲೇ ಮೊಮ್ಮಗ ನಡೆದದ್ದು. ಕುಂಬಳೆ ಸೀಮೆಯಲ್ಲಿ ಪಾರ್ತಿಸುಬ್ಬ ರಾಮಾಯಣದ ಪ್ರಸಂಗಗಳನ್ನು ಬರೆದ, ತೆಂಕುತಿಟ್ಟು, ಅಂದರೆ ದಕ್ಷಿಣದ ಯಕ್ಷಗಾನ ಕ್ರಮ, ಬೆಳೆದದ್ದು ಈ ಮಣ್ಣಲ್ಲಿ. ಅಲ್ಲಿಂದ ಬಂದ ಹಾಡುಗಾರಿಕೆಯನ್ನು ಸಿನಿಮಾ ಧಾಟಿಗೂ ಸಂಗೀತ ಕಚೇರಿಯ ರಾಗ ವಿಸ್ತಾರಕ್ಕೂ ಬಗ್ಗಿಸದೆ ಕೊನೆ ತನಕ ಉಳಿಸಿಕೊಂಡವರು ಬಲಿಪರು. ಅದಕ್ಕೇ ‘ಬಲಿಪ ಶೈಲಿ’ ಅಂತ ಹೆಸರೇ ಬಂತು. ಒಬ್ಬ ಮನುಷ್ಯನ ಹೆಸರು ಒಂದು ಹಾಡುವ ಕ್ರಮಕ್ಕೆ ಬರುವುದು ಸಣ್ಣ ಸಂಗತಿ ಅಲ್ಲ, ಅಲ್ವಾ?

ಅವರ ಸ್ವರ ಕೇಳದವರಿಗೆ ಹೇಗೆ ಹೇಳುವುದು ಅಂತ ಗೊತ್ತಾಗುವುದಿಲ್ಲ. ಮೈಕ್ ಇಲ್ಲದ ಕಾಲದ ಏರು ಶ್ರುತಿ ಅದು. ಗದ್ದೆಯ ಆಚೆ ಬದಿಯಲ್ಲಿ ಕೂತವನಿಗೂ ಸಾಹಿತ್ಯ ಸ್ಪಷ್ಟವಾಗಿ ಕೇಳಬೇಕು, ಚೆಂಡೆಯ ಪೆಟ್ಟಿನ ನಡುವೆಯೂ ಪದ ನುಂಗಿ ಹೋಗಬಾರದು. ಅವರದು ನುಂಗಿ ಹೋಗುತ್ತಿರಲಿಲ್ಲ. ಹತ್ತಾರು ಪ್ರಸಂಗಗಳು ಬಾಯಿಪಾಠ. ಕಟೀಲು ಮೇಳದಲ್ಲಿ ದಶಕಗಳ ಕಾಲ ಹಾಡಿದವರು. ಹಾಡಿದ್ದು ಮಾತ್ರ ಅಲ್ಲ, ಬರೆದದ್ದೂ ಉಂಟು. ಒಂದೇ ರಾತ್ರಿಯಲ್ಲಿ ಮುಗಿಯುವ ದೇವಿಮಹಾತ್ಮೆಯನ್ನು ಐದು ದಿನ ಆಡುವ ಹಾಗೆ ‘ಪಂಚದಿನ ದೇವಿಮಹಾತ್ಮೆ’ ಮಾಡಿದರು. ಐದು ದಿನ! ಈಗ ಹೆಚ್ಚಿನ ಆಟಗಳು ಕಾಲಮಿತಿಯವು, ಹೊತ್ತು ನೋಡಿ ಮಂಗಳ ಹಾಡುವ ಕಾಲ. ತಡರಾತ್ರಿ ಆದ ಮೇಲೆ ಬರುತ್ತಿದ್ದ ಪಾತ್ರಗಳು, ಆಗ ಹಾಡುತ್ತಿದ್ದ ರಾಗಗಳು ಮುಂದಿನ ಮಕ್ಕಳಿಗೆ ಯೂಟ್ಯೂಬಿನಲ್ಲಿ ಸಿಕ್ಕಿದರೆ ಸಿಕ್ಕಿತು.

ನಿಮ್ಮ ಪುಟದಲ್ಲಿ ಇವರ ಬಗ್ಗೆ ‘ಖ್ಯಾತ ಯಕ್ಷಗಾನ ಭಾಗವತರು, ರಾಜ್ಯೋತ್ಸವ ಪ್ರಶಸ್ತಿ ಪುರಸ್ಕೃತರು’ ಅಂತ ಒಂದೇ ಸಾಲು ಬಂದರೆ ಬಾರದಿದ್ದ ಹಾಗೆಯೇ. ಮೇಲೆ ಬರೆದದ್ದರಲ್ಲಿ ಎರಡು ಸಾಲು ಹಾಕಿ, ಪ್ರಶಸ್ತಿ ಬಿಟ್ಟರೂ ಅಡ್ಡಿಯಿಲ್ಲ. ಫೋಟೊ ಹಾಕುವುದಾದರೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟ ಸನ್ಮಾನದ್ದು ದಯಮಾಡಿ ಬೇಡ. ಮುಂಡಾಸು ಕಟ್ಟಿ ಜಾಗಟೆ ಹಿಡಿದದ್ದು ಬೇಕಾದಷ್ಟು ಉಂಟು.

ಸಾರಾ ಅಬೂಬಕ್ಕರ್ ಹುಟ್ಟಿದ್ದು 1936ರ ಜೂನ್ 30ಕ್ಕೆ, ಕಾಸರಗೋಡಿನಲ್ಲಿ. ಮನೆಮಾತು ಮಲಯಾಳ, ಕಲಿತದ್ದು ಕನ್ನಡದಲ್ಲಿ. ಆ ಕಾಲದಲ್ಲಿ ಇಲ್ಲಿ ಅವರ ಸಮುದಾಯದ ಹುಡುಗಿಯರು ಹೈಸ್ಕೂಲು ಮುಗಿಸುವುದೇ ಅಪರೂಪ. ಮದುವೆ, ಮಕ್ಕಳು, ಸಂಸಾರ ಎಲ್ಲ ಆಗಿ, ನಲ್ವತ್ತು ದಾಟಿದ ಮೇಲೆ ಅವರು ಬರೆಯಲು ಹಿಡಿದರು. ‘ಚಂದ್ರಗಿರಿಯ ತೀರದಲ್ಲಿ’ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಅಪ್ಪನ ಹಟದಿಂದ ಮಗಳಿಗೆ ತಲಾಖ್ ಆಗುತ್ತದೆ. ಗಂಡ ಹೆಂಡತಿ ಇಬ್ಬರಿಗೂ ಮತ್ತೆ ಒಂದಾಗುವ ಮನಸ್ಸು. ಆದರೆ ಒಂದಾಗಬೇಕಿದ್ದರೆ ಅವಳು ಇನ್ನೊಬ್ಬನನ್ನು ಮದುವೆಯಾಗಿ ಒಂದು ರಾತ್ರಿ ಕಳೆದು ಬರಬೇಕು. ಇಷ್ಟೇ ಕತೆ. ಇದನ್ನು ಒಳಗಿನವರೇ, ಅದೂ ಒಬ್ಬ ಹೆಂಗಸು, ಹೆಸರು ಹಾಕಿ ಬರೆದದ್ದು ಕನ್ನಡದಲ್ಲಿ ಅದುವರೆಗೆ ಆಗಿರಲಿಲ್ಲ. ಬೈಗುಳ, ವಿರೋಧ ಬಂತು. ಅವರು ನಿಲ್ಲಿಸಲಿಲ್ಲ. ‘ಸಹನಾ’ ಬಂತು, ‘ವಜ್ರಗಳು’ ಬಂತು. ತಮ್ಮದೇ ಚಂದ್ರಗಿರಿ ಪ್ರಕಾಶನ ಮಾಡಿದರು. ಮಲಯಾಳದಿಂದ ಕನ್ನಡಕ್ಕೆ ಅನುವಾದವನ್ನೂ ಮಾಡಿದರು. ಎರಡೂ ಭಾಷೆ ಬಲ್ಲವರಿಗೆ ಇಲ್ಲಿ ಕೊರತೆ ಇಲ್ಲ, ಆದರೆ ಎರಡರ ನಡುವೆ ಪುಸ್ತಕ ದಾಟಿಸುವವರು ಕಡಿಮೆ.

ಚಂದ್ರಗಿರಿ ಹೊಳೆಯ ಬಗ್ಗೆ ಒಂದು ಮಾತು. ಬೆಂಗಳೂರಿನವರಿಗೆ ಅದು ಕಾದಂಬರಿಯ ಹೆಸರಲ್ಲಿ ಇರುವ ಒಂದು ಹೊಳೆ. ನಮಗೆ ಹಾಗಲ್ಲ. 1956ರ ನವೆಂಬರ್ 1ಕ್ಕೆ ದಕ್ಷಿಣ ಕನ್ನಡದಿಂದ ಕಾಸರಗೋಡು ತಾಲೂಕನ್ನು ತೆಗೆದು ಕೇರಳಕ್ಕೆ ಸೇರಿಸಿದರು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಅಂದಿತು. ಆಗಲಿಲ್ಲ. ಅದರ ಜಗಳ ಇಲ್ಲಿ ಬೇಡ, ನಾನೀಗ ಅದನ್ನು ಎತ್ತುತ್ತಿಲ್ಲ. ಕನ್ನಡ ಚಳವಳಿಯವರು ಗಡಿ ಅಂತ ಹೇಳುತ್ತಿದ್ದ ಅದೇ ಹೊಳೆಯನ್ನು ಸಾರಾ ಒಂದು ಹೆಣ್ಣಿನ ಸಂಕಟದ ಜಾಗ ಮಾಡಿದರು. ಇದನ್ನು ಹೇಳಬೇಕಿದ್ದರೆ ಅವರು ಎಲ್ಲಿಯವರು ಅಂತ ಬರೆಯಲೇಬೇಕಲ್ಲ.

ತಿರುಮಲೇಶರದು ಬೇರೆಯೇ ಬಗೆ. 1940ರ ಸೆಪ್ಟೆಂಬರಿನಲ್ಲಿ ಕಾರಡ್ಕದಲ್ಲಿ ಹುಟ್ಟಿದವರು. ಮುಳ್ಳೇರಿಯದ ಹತ್ತಿರದ ಆ ಗುಡ್ಡ ಬಯಲಿನ ಊರಿನಿಂದ ಹೈದರಾಬಾದಿಗೆ ಹೋಗಿ ಅಲ್ಲಿಯ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ಸಂಸ್ಥೆಯಲ್ಲಿ ಪ್ರೊಫೆಸರ್ ಆದರು. ಮೊದಲ ಸಂಕಲನ ‘ಮುಖವಾಡಗಳು’ 1968ರಲ್ಲಿ ಬಂತು. ಆಮೇಲೆ ‘ವಠಾರ’, ‘ಅವಧ’. ಕತೆ, ಕಾದಂಬರಿ, ವಿಮರ್ಶೆ, ವ್ಯಾಕರಣ, ಅನುವಾದ, ಅವರು ಕೈ ಹಾಕದ್ದು ಕಡಿಮೆ. ‘ಅಕ್ಷಯ ಕಾವ್ಯ’ಕ್ಕೆ 2015ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದು ಪುಟಗಟ್ಟಲೆ ಹರಿಯುವ ಒಂದೇ ಕವಿತೆ, ಅದರಲ್ಲಿ ಹಿಡಿಯಲು ಕತೆ ಇಲ್ಲ. ಸತ್ಯ ಹೇಳಬೇಕಿದ್ದರೆ ಅದನ್ನು ನಾನು ಮೊದಲಿಂದ ಕೊನೆ ತನಕ ಒಂದೇ ಸಲ ಓದಿದವನಲ್ಲ, ಯಾವುದಾದರೂ ಪುಟ ತೆರೆದು ಓದುತ್ತೇನೆ. ಹಾಗೆ ಓದಿದರೂ ನಡೆಯುತ್ತದೆ, ಅದೇ ಅದರ ಗಮ್ಮತ್ತು. ಅವರ ಬಗ್ಗೆ ನೆನಪಿಡಬೇಕಾದದ್ದು, ದೊಡ್ಡ ಹೆಸರು ಬಂದ ಮೇಲೂ ಅವರು ಯಾವ ಬಣಕ್ಕೂ ಸೇರಿದವರಲ್ಲ. ನವ್ಯದಲ್ಲಿ ಶುರು ಮಾಡಿದರು, ಅಲ್ಲೇ ನಿಲ್ಲಲಿಲ್ಲ. ಬೆಂಗಳೂರಿನ ಸಭೆಗಳಲ್ಲಿ ಜಾಸ್ತಿ ಕಾಣಿಸಿಕೊಳ್ಳದೆ ದೂರದಲ್ಲಿ ಕೂತು ಬರೆದರು. ದೂರ ಇದ್ದವರಿಗೆ ಪುಟವೂ ದೂರವೇ ಆಗುತ್ತದೆ, ಈ ಸಲ ಹಾಗೆ ಆಗದಿರಲಿ.

ಇನ್ನು ಬೇರೆಯವರ ಬಗ್ಗೆ. ನಮ್ಮವರು ಮೂವರನ್ನು ಹಾಕಿ ಉಳಿದವರನ್ನು ಬಿಡಿ ಅಂತ ನಾನು ಹೇಳುತ್ತಿಲ್ಲ. ಈ ವರ್ಷದ ಪುಟ ಹೇಗೂ ದೊಡ್ಡದೇ ಆಗಬೇಕು. ನನ್ನ ಬೇಡಿಕೆ, ಒಬ್ಬೊಬ್ಬರ ಹೆಸರಿನ ಎದುರು ಪ್ರಶಸ್ತಿಗಳ ಪಟ್ಟಿ ಮತ್ತು ಸಂತಾಪ ಹೇಳಿದವರ ಪಟ್ಟಿ ಬಿಟ್ಟು, ಅವರು ಮಾಡಿದ ಕೆಲಸ ಎಂತದು ಅಂತ ಎರಡು ಸಾಲು ಬೇಕು. ಯಾರೋ ತೀರಿಕೊಂಡ ಸುದ್ದಿಯಲ್ಲಿ ಸಂತಾಪ ಸೂಚಿಸಿದ ಶಾಸಕರು, ಸಂಸದರು, ಸಂಘದ ಅಧ್ಯಕ್ಷರು, ಮಾಜಿ ಅಧ್ಯಕ್ಷರ ಹೆಸರೇ ಅರ್ಧ ಕಾಲಂ. ತೀರಿಕೊಂಡವರು ಎಂತ ಮಾಡಿದರು ಅಂತ ನೋಡಿದರೆ ‘ಅಪಾರ ಸೇವೆ ಸಲ್ಲಿಸಿದ್ದರು’.

ಸಿ.ಆರ್. ರಾವ್ ಅವರದೇ ಉದಾಹರಣೆ ತೆಗೆದುಕೊಳ್ಳಿ. ಆಗಸ್ಟ್ 22ಕ್ಕೆ ಅಮೆರಿಕದಲ್ಲಿ ತೀರಿಕೊಂಡರು, 102 ವರ್ಷ. ಜಗತ್ತಿನ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರು. ಹುಟ್ಟಿದ್ದು ಎಲ್ಲಿ? ನಮ್ಮ ಹೂವಿನಹಡಗಲಿಯಲ್ಲಿ, 1920ರಲ್ಲಿ, ತೆಲುಗು ಮನೆಮಾತಿನ ಕುಟುಂಬದಲ್ಲಿ. ಆಗ ಹಡಗಲಿ ಬಳ್ಳಾರಿ ಜಿಲ್ಲೆಯಲ್ಲಿತ್ತು, ಬಳ್ಳಾರಿ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ, ಕಾಸರಗೋಡೂ ಅದೇ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ. 1953ರಲ್ಲಿ ಅವರ ಊರು ಮೈಸೂರಿಗೆ ಹೋಯಿತು, ಮೂರು ವರ್ಷ ಕಳೆದು ನಮ್ಮದು ಕೇರಳಕ್ಕೆ ಬಂತು. ಇರಲಿ.

ಅವರು ಮಾಡಿದ್ದು ಎಂತದು? ಕಲ್ಕತ್ತೆಯಲ್ಲಿ ಪಾಠ ಮಾಡುತ್ತಿದ್ದಾಗ ದಾಂಡೇಕರ್ ಎಂಬ ವಿದ್ಯಾರ್ಥಿ ಕ್ಲಾಸಿನಲ್ಲಿ ಒಂದು ಪ್ರಶ್ನೆ ಕೇಳಿದರು. ಮಾಹಿತಿ ಲೆಕ್ಕವಿಲ್ಲದಷ್ಟು ಇದ್ದಾಗ ಮಾತ್ರ ಸಾಬೀತಾಗಿದ್ದ ಒಂದು ಸಂಗತಿಯನ್ನು ಸಣ್ಣ ಮಾದರಿಗೂ ಸಾಬೀತು ಮಾಡಬಾರದೇ ಅಂತ. ರಾವ್ ಮನೆಗೆ ಹೋಗಿ ಆ ರಾತ್ರಿಯೇ ಕೂತು ಲೆಕ್ಕ ಬಿಡಿಸಿದರಂತೆ. ಸಿಕ್ಕ ಮಾಹಿತಿಯಿಂದ ನಾವು ಒಂದು ಅಂದಾಜು ಮಾಡಿದರೆ, ಎಷ್ಟೇ ಜಾಣತನದಿಂದ ಮಾಡಿದರೂ ಅದರ ಏರುಪೇರನ್ನು ಒಂದು ಮಟ್ಟಕ್ಕಿಂತ ಕಡಿಮೆ ಮಾಡಲು ಆಗುವುದಿಲ್ಲ, ಆ ಮಟ್ಟ ಯಾವುದು ಅಂತ ಹೇಳುವ ಸೂತ್ರ ಅದು. 1945ರಲ್ಲಿ ಕಲ್ಕತ್ತೆಯ ಗಣಿತ ಪತ್ರಿಕೆಯಲ್ಲಿ ಅಚ್ಚಾಯಿತು, ರಾವ್ ಅವರಿಗೆ ಆಗ ಇಪ್ಪತ್ತೈದರ ಪ್ರಾಯ. ಈಗ ಕ್ರಾಮರ್-ರಾವ್ ಅಸಮತೆ ಅಂತ ಲೋಕವೆಲ್ಲ ಪಾಠ ಮಾಡುತ್ತದೆ. ಆ ವಿದ್ಯಾರ್ಥಿ ದಾಂಡೇಕರ್ ಮುಂದೆ ಪುಣೆಯಲ್ಲಿ ದೇಶದ ಬಡತನವನ್ನು ಲೆಕ್ಕ ಹಾಕಿದ ದೊಡ್ಡ ಅರ್ಥಶಾಸ್ತ್ರಜ್ಞರಾದರು. ಪ್ರಶ್ನೆ ಕೇಳುವ ವಿದ್ಯಾರ್ಥಿ, ಕೋಪ ಮಾಡಿಕೊಳ್ಳದ ಮಾಷ್ಟ್ರು, ಎಂತ ಒಳ್ಳೆ ಸಂಗತಿ ನೋಡಿ. ಶಾಲೆಯ ಮಕ್ಕಳಿಗೆ ಓದಿ ಹೇಳಬಹುದಾದ್ದು. ಇದನ್ನು ಬಿಟ್ಟು ‘ಪದ್ಮವಿಭೂಷಣ ಪುರಸ್ಕೃತ ಗಣಿತಜ್ಞ ನಿಧನ’ ಅಂತ ಹಾಕಿದರೆ ಯಾರಿಗೆ ಎಂತ ಸಿಕ್ಕಿತು?

ಎಂ.ಎಸ್. ಸ್ವಾಮಿನಾಥನ್ ಸೆಪ್ಟೆಂಬರ್ 28ಕ್ಕೆ ಚೆನ್ನೈಯಲ್ಲಿ ಹೋದರು, 98 ವರ್ಷ. ‘ಹಸಿರು ಕ್ರಾಂತಿಯ ಪಿತಾಮಹ’ ಅಂತ ಎಲ್ಲರೂ ಬರೆದರು, ಬರೆಯಬೇಕಾದ್ದೇ. ಹಡಗಿನಲ್ಲಿ ಬರುವ ಗೋಧಿಗೆ ಕಾಯುತ್ತಿದ್ದ ದೇಶ ಅದು, ಗಿಡ್ಡ ತಳಿಯ ಗೋಧಿಯನ್ನು ಪಂಜಾಬಿನ ಹೊಲಕ್ಕೆ ತಂದವರಲ್ಲಿ ಅವರು ಮುಖ್ಯರು. ಆದರೆ ನಾವು ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವಿಷ ಸುರಿದ ಜಿಲ್ಲೆಯವರು. ಕೀಟನಾಶಕ, ಗೊಬ್ಬರ, ಇಳುವರಿ ಅಂತ ಯಾರು ಹೇಳಿದರೂ ನಮಗೆ ಮೊದಲು ಸಂಶಯ ಬರುತ್ತದೆ. ಹಾಗಾಗಿ ಅವರ ಇನ್ನೊಂದು ಮಾತನ್ನು ನಾನು ಮುಖ್ಯ ಅಂತ ಇಟ್ಟುಕೊಂಡಿದ್ದೇನೆ. 1968ರಲ್ಲಿ, ಹಸಿರು ಕ್ರಾಂತಿ ಆಗಷ್ಟೇ ಶುರುವಾಗಿದ್ದಾಗ, ವಾರಾಣಸಿಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಅವರೇ ಎಚ್ಚರಿಸಿದ್ದರು. ಮಣ್ಣನ್ನು ನೋಡಿಕೊಳ್ಳದೆ ಬರೀ ಬೆಳೆ ತೆಗೆದರೆ, ಕೀಟನಾಶಕವನ್ನು ಲಂಗುಲಗಾಮಿಲ್ಲದೆ ಬಳಸಿದರೆ, ಅಂತರ್ಜಲವನ್ನು ಬರಿದು ಮಾಡಿದರೆ ಅಪಾಯ ಅಂತ. ಗೆದ್ದ ಹೊತ್ತಿನಲ್ಲಿ ಈ ಮಾತು ಹೇಳಲು ಧೈರ್ಯ ಬೇಕು. ಆಮೇಲೆ ರೈತರ ರಾಷ್ಟ್ರೀಯ ಆಯೋಗದ ಅಧ್ಯಕ್ಷರಾಗಿ, ಬೆಳೆಯುವ ಖರ್ಚಿನ ಮೇಲೆ ಕಡಿಮೆಯೆಂದರೂ ಅರ್ಧದಷ್ಟು ಸೇರಿಸಿ ಬೆಂಬಲ ಬೆಲೆ ಕೊಡಿ ಅಂದರು. ಹೊಗಳುವ ಸರ್ಕಾರಗಳೆಲ್ಲ ಆ ವರದಿಯನ್ನೂ ಓದಿದರೆ ಒಳ್ಳೆಯದಿತ್ತು.

ಫೆಬ್ರವರಿ 16, ಬಲಿಪರು ಹೋದ ಅದೇ ದಿನ ಕೋಲ್ಕತ್ತದಲ್ಲಿ ತುಳಸಿದಾಸ್ ಬಲರಾಮ್ ತೀರಿಕೊಂಡರು. ಯಾರು ಅಂತ ಕೇಳುವವರೇ ಜಾಸ್ತಿ ಇರಬಹುದು. ಸಿಕಂದರಾಬಾದಿನ ಬಡ ಮನೆಯ ಹುಡುಗ. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತ ಫುಟ್ಬಾಲಿನಲ್ಲಿ ನಾಲ್ಕನೇ ಸ್ಥಾನ ಪಡೆಯಿತು, ಹೌದು, ಭಾರತವೇ, ಆ ತಂಡದಲ್ಲಿ ಇವರಿದ್ದರು. 1962ರ ಜಕಾರ್ತ ಏಷ್ಯನ್ ಗೇಮ್ಸಿನಲ್ಲಿ ಚಿನ್ನ ಗೆದ್ದ ತಂಡದಲ್ಲೂ ಇದ್ದರು. ಪಿ.ಕೆ. ಬ್ಯಾನರ್ಜಿ, ಚುನಿ ಗೋಸ್ವಾಮಿ, ಬಲರಾಮ್ ಅಂತ ಮೂವರನ್ನು ಒಟ್ಟಿಗೇ ಹೇಳುತ್ತಿದ್ದರು. ಉಳಿದಿಬ್ಬರಿಗೆ ಪದ್ಮಶ್ರೀ ಬಂತು, ಇವರಿಗೆ ಬರಲಿಲ್ಲ. ನಮ್ಮ ಜಿಲ್ಲೆಯ ತ್ರಿಕ್ಕರಿಪುರದ ಕಡೆ ಈಗಲೂ ಹುಡುಗರಿಗೆ ಫುಟ್ಬಾಲೇ ಪ್ರಾಣ. ಅವರಿಗಾದರೂ ಈ ಹೆಸರು ಗೊತ್ತಿರಬೇಕು.

ಕ್ರಿಕೆಟಿನವರಿಗೆ ಹೇಗೂ ಜಾಗ ಸಿಗುತ್ತದೆ. ಬಿಶನ್ ಸಿಂಗ್ ಬೇಡಿ ಅಕ್ಟೋಬರ್ 23ಕ್ಕೆ ಹೋದರು, 67 ಟೆಸ್ಟ್, 266 ವಿಕೆಟ್. ನಮ್ಮ ಪ್ರಸನ್ನ, ಚಂದ್ರಶೇಖರ್ ಜೊತೆಗೆ ಬೌಲಿಂಗ್ ಮಾಡಿದವರು ಅಂತ ನೀವು ಬರೆದೇ ಬರೆಯುತ್ತೀರಿ. ಇನ್ನೊಂದು ಸಾಲು ಸೇರಿಸಿ. 1990ರ ಇಂಗ್ಲೆಂಡ್ ಪ್ರವಾಸದಲ್ಲಿ ಅನಿಲ್ ಕುಂಬ್ಳೆ ಮೊದಲ ಟೆಸ್ಟ್ ಆಡಿದಾಗ ತಂಡದ ಮ್ಯಾನೇಜರ್ ಆಗಿದ್ದವರು ಇದೇ ಬೇಡಿ. ಕುಂಬ್ಳೆ ಅಂದರೆ ನಮ್ಮ ಕುಂಬಳೆ, ಅದನ್ನಾದರೂ ನಿಮ್ಮ ಓದುಗರಿಗೆ ನೆನಪು ಮಾಡಬೇಕಾಗಿಲ್ಲ ಅಂದುಕೊಳ್ಳುತ್ತೇನೆ.

ಸಿನಿಮಾದವರ ಬಗ್ಗೆ ನಾನು ಜಾಸ್ತಿ ಬರೆಯುವುದಿಲ್ಲ, ಅವರ ಫೋಟೊ ಪುಟದ ಮೇಲ್ಗಡೆ ಬಂದೇ ಬರುತ್ತದೆ. ಲೀಲಾವತಿಯವರು ಮೊನ್ನೆ ಡಿಸೆಂಬರ್ 8ಕ್ಕೆ ಹೋದರು. ಅವರು ಬೆಳ್ತಂಗಡಿ ಕಡೆಯವರು ಅಂತ ಬರೆಯಿರಿ, ಸೋಲದೇವನಹಳ್ಳಿಯಲ್ಲಿ ಜನರಿಗೂ ದನಗಳಿಗೂ ಆಸ್ಪತ್ರೆ ಕಟ್ಟಿಸಿದರು ಅಂತ ಬರೆಯಿರಿ. ದೊರೆ–ಭಗವಾನ್ ನಿರ್ದೇಶಕ ಜೋಡಿಯ ಭಗವಾನ್ ಫೆಬ್ರವರಿಯಲ್ಲಿ. ಅದೇ ಫೆಬ್ರವರಿ 2ಕ್ಕೆ ಕೆ. ವಿಶ್ವನಾಥ್, ಎರಡು ದಿನ ಕಳೆದು ವಾಣಿ ಜಯರಾಂ. ‘ಶಂಕರಾಭರಣಂ’ ತೆರೆಗೆ ಬಂದದ್ದು 1980ರ ಫೆಬ್ರವರಿ 2ಕ್ಕೆ, ಅದನ್ನು ಮಾಡಿದವರು ಹೋದದ್ದೂ ಅದೇ ತಾರೀಕಿಗೆ. ಅದರ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ವಾಣಿಯಮ್ಮನಿಗೆ ಪದ್ಮಭೂಷಣ ಘೋಷಣೆಯಾಗಿ ಹತ್ತೇ ದಿನ ಆಗಿತ್ತು, ಕೈಗೆ ಸಿಗಲಿಲ್ಲ. ಮಲಯಾಳದ ಇನ್ನಸೆಂಟ್ ಮಾರ್ಚ್ 26, ಮಾಮುಕ್ಕೋಯ ಏಪ್ರಿಲ್ 26. ನಮ್ಮಲ್ಲಿ ಕನ್ನಡ ಮನೆಗಳಲ್ಲೂ ಇವರಿಬ್ಬರ ಮಾತಿಗೆ ನಗದವರಿಲ್ಲ, ಕೇರಳದವರು ಅಂತ ಬಿಡಬೇಡಿ.

ಕೇರಳದವರು ಅಂದಾಗ ಇನ್ನಿಬ್ಬರು. ನ್ಯಾಯಮೂರ್ತಿ ಫಾತಿಮಾ ಬೀವಿ ನವೆಂಬರ್ 23ಕ್ಕೆ ಕೊಲ್ಲಂನಲ್ಲಿ, 96 ವರ್ಷ. ಸುಪ್ರೀಂ ಕೋರ್ಟ್ ಶುರುವಾದದ್ದು 1950ರಲ್ಲಿ, ಅಲ್ಲಿ ಒಬ್ಬ ಹೆಂಗಸು ನ್ಯಾಯಾಧೀಶರ ಕುರ್ಚಿಯಲ್ಲಿ ಕೂರಲು 1989 ಆಗಬೇಕಾಯಿತು. ಆ ಮೊದಲನೆಯವರು ಇವರು. ಇನ್ನೊಬ್ಬರು ಕೇರಳದ ಮುಖ್ಯಮಂತ್ರಿಯಾಗಿದ್ದ ಉಮ್ಮನ್ ಚಾಂಡಿ, ಜುಲೈ 18. ತೀರಿಕೊಂಡದ್ದು ಬೆಂಗಳೂರಿನಲ್ಲಿ. ತಿರುವನಂತಪುರದಿಂದ ಅವರ ಊರು ಪುದುಪ್ಪಳ್ಳಿಗೆ ದೇಹ ಮುಟ್ಟಲು ಒಂದು ಹಗಲು ಒಂದು ರಾತ್ರಿಗಿಂತ ಹೆಚ್ಚು ಹಿಡಿಯಿತು, ರಸ್ತೆಯುದ್ದಕ್ಕೂ ಅಷ್ಟು ಜನ. ರಾಜಕಾರಣಿಯೊಬ್ಬರಿಗೆ ಕರೆದು ತರದ ಜನ ಹಾಗೆ ಸೇರುವುದು ಈಗ ಅಪರೂಪ. ಕಾಸರಗೋಡಿನ ಹಿಂದುಳಿದಿರುವಿಕೆಯನ್ನು ನೋಡಲು ಪ್ರಭಾಕರನ್ ಆಯೋಗ ಮಾಡಿದ್ದು ಅವರ ಸರ್ಕಾರ. ಮಂಜೇಶ್ವರ ಬೇರೆ ತಾಲೂಕಾದದ್ದು ಅವರ ಕಾಲದಲ್ಲಿ. 2013ರ ನವೆಂಬರಿನಲ್ಲಿ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಅಡಿಗಲ್ಲು ಹಾಕಿದವರೂ ಅವರೇ. ಏಳು ವರ್ಷ ಕಳೆದು, 2020ರ ಲಾಕ್‌ಡೌನಿನಲ್ಲಿ ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಸುರಿದು ಮಂಗಳೂರಿನ ಆಸ್ಪತ್ರೆಗೆ ಹೋಗುವ ದಾರಿ ಮುಚ್ಚಿದಾಗ, ರೋಗಿಗಳು ಗಡಿಯಲ್ಲಿ ಸಿಕ್ಕಿಬಿದ್ದು ಸತ್ತಾಗ, ಆ ಅರ್ಧ ಕಟ್ಟಿದ ಕಟ್ಟಡವನ್ನು ಗಡಿಬಿಡಿಯಲ್ಲಿ ಕೋವಿಡ್ ಆಸ್ಪತ್ರೆ ಮಾಡಿದರು. ಅಡಿಗಲ್ಲು ಹಾಕುವುದು ಸುಲಭ, ಆಸ್ಪತ್ರೆ ನಡೆಸುವುದು ಕಷ್ಟ, ಅದು ಬೇರೆ ಪತ್ರಕ್ಕೆ ಇರಲಿ.

ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿ ಜನವರಿ 2ಕ್ಕೇ ಹೋದರು, ವರ್ಷದ ಮೊದಲ ಹೆಸರು ಅವರದೇ ಆಗುತ್ತದೆ. 2018ರಲ್ಲಿ ಪದ್ಮಶ್ರೀ ಬೇಡ ಅಂದವರು. ಅಂಗಿಗೆ ಜೇಬು ಇಡಿಸದವರು. ದೇಹ ಸುಡಿ, ಬೂದಿಯನ್ನು ನೀರಿಗೆ ಬಿಡಿ, ಸ್ಮಾರಕ ಕಟ್ಟಬೇಡಿ ಅಂತ ಮೊದಲೇ ಬರೆದಿಟ್ಟಿದ್ದರು. ಸೊಲ್ಲಾಪುರ ಕಡೆಯ ಗಡಿ ಕನ್ನಡಿಗರಿಗೂ ಮರಾಠಿಯವರಿಗೂ ಅವರು ಒಂದೇ ಆಗಿದ್ದರು. ಅವರಿಗೆ ಪ್ರಶಸ್ತಿ ಪಟ್ಟಿ ಹಾಕಲು ನಿಮಗೆ ಆಗುವುದೇ ಇಲ್ಲ, ಕೆಲಸದ ಬಗ್ಗೆಯೇ ಬರೆಯಬೇಕು. ಎಲ್ಲರಿಗೂ ಹಾಗೇ ಬರೆಯಿರಿ ಅಂತ ನಾನು ಕೇಳುತ್ತಿರುವುದು.

ಹೊರದೇಶದವರು ಬೇಡವೇ? ಬೇಕು, ಆದರೆ ಬರೀ ಹಾಲಿವುಡ್ಡಿನವರು ಸಾಲದು. ನಾನು ಈ ಪತ್ರ ಬರೆಯುತ್ತಿರುವ ಮೊಬೈಲಿನ ಬ್ಯಾಟರಿ ಲಿಥಿಯಂ ಅಯಾನಿನದು. ಅದನ್ನು ಸಾಧ್ಯ ಮಾಡಿದವರಲ್ಲಿ ಒಬ್ಬರಾದ ಜಾನ್ ಗುಡಿನಫ್ ಜೂನ್ 25ಕ್ಕೆ ತೀರಿಕೊಂಡರು, ನೂರು ವರ್ಷ. 97ನೇ ವಯಸ್ಸಿನಲ್ಲಿ ನೊಬೆಲ್ ಬಂತು, ಅಷ್ಟು ಪ್ರಾಯದಲ್ಲಿ ಬೇರೆ ಯಾರಿಗೂ ಬಂದಿಲ್ಲ. ನಮ್ಮವರೇ ಆದ ಬಿಂದೇಶ್ವರ ಪಾಠಕ್ ಆಗಸ್ಟ್ 15ಕ್ಕೆ, ದಿಲ್ಲಿಯಲ್ಲಿ ಬಾವುಟ ಹಾರಿಸಿದ ಸ್ವಲ್ಪ ಹೊತ್ತಿನಲ್ಲೇ ಹೋದರು. 1970ರಲ್ಲಿ ಸುಲಭ್ ಶುರು ಮಾಡಿದವರು. ಎರಡು ಗುಂಡಿಯ, ಕಡಿಮೆ ನೀರಿನ ಪಾಯಿಖಾನೆ. ಒಂದು ಗುಂಡಿ ತುಂಬಿದರೆ ಇನ್ನೊಂದು, ಅಷ್ಟರಲ್ಲಿ ಮೊದಲನೆಯದು ಗೊಬ್ಬರ. ತಲೆಯ ಮೇಲೆ ಮಲ ಹೊರುವ ಕೆಲಸ ಬೇಡ. ಬಸ್‌ಸ್ಟ್ಯಾಂಡಿನ ಸುಲಭ್ ಬೋರ್ಡು ನೋಡಿ ಅವಸರದಲ್ಲಿ ಓಡಿದವರೆಲ್ಲ ಅವರಿಗೆ ಋಣಿಗಳು, ನಗಬೇಡಿ. ಶ್ರೀಹರಿಕೋಟಾದಲ್ಲಿ ರಾಕೆಟ್ ಹಾರುವ ಮೊದಲು ಎಣಿಕೆ ಹೇಳುತ್ತಿದ್ದ ವಳರ್ಮತಿಯವರು ಸೆಪ್ಟೆಂಬರಿನಲ್ಲಿ ಹೋದರು. ಅವರ ಸ್ವರ ದೇಶವೆಲ್ಲ ಕೇಳಿದೆ, ಮುಖ ನೋಡಿದವರು ಕಡಿಮೆ. ಒಂದು ಫೋಟೊ ಹಾಕಿ.

ಇನ್ನೂ ಹಲವರು ಇದ್ದಾರೆ, ನನಗೆ ನೆನಪಾದವರನ್ನು ಬರೆದಿದ್ದೇನೆ. ಈಗ ಬೇಡಿಕೆಗಳನ್ನು ಹೇಳಿ ಮುಗಿಸುತ್ತೇನೆ. ಪ್ರತಿಯೊಬ್ಬರ ಹೆಸರಿನ ಜೊತೆ ಹುಟ್ಟಿದ ಊರು ಇರಲಿ, ಪಡ್ರೆ, ಕಾರಡ್ಕ ಅಂತ ಊರಿನ ಹೆಸರನ್ನೇ ಹಾಕಿ, ‘ಕೇರಳ’ ಅಂತ ಮಾತ್ರ ಬೇಡ. ಯಕ್ಷಗಾನದವರನ್ನು ಮಂಗಳೂರು, ಕಾಸರಗೋಡು ಆವೃತ್ತಿಗೆ ಮಾತ್ರ ಹಾಕಿ ಕಲಬುರಗಿ, ಹುಬ್ಬಳ್ಳಿ ಆವೃತ್ತಿಯಿಂದ ತೆಗೆಯುವುದು ಬೇಡ. ಸಿದ್ಧೇಶ್ವರ ಸ್ವಾಮೀಜಿಯವರ ಬಗ್ಗೆ ನಾವು ಇಲ್ಲಿ ಕೂತು ಓದುವುದಾದರೆ ಬಲಿಪರ ಬಗ್ಗೆ ವಿಜಯಪುರದವರೂ ಓದಲಿ, ಎಲ್ಲ ಆವೃತ್ತಿಗೂ ಒಂದೇ ಪುಟ ಹೋಗಲಿ. ಮತ್ತೆ, ಪುಟ ಬಂದ ಮೇಲೆ ಬಿಟ್ಟುಹೋದ ಹೆಸರುಗಳನ್ನು ಓದುಗರು ಬರೆದು ಕಳಿಸಲು ಜನವರಿ ಮೊದಲ ವಾರ ಒಂದು ಕಾಲಂ ಬಿಡಿ. ಜತ್ತ, ಅಕ್ಕಲಕೋಟೆ, ಆದೋನಿ, ಹೊಸೂರು, ತಾಳವಾಡಿ ಕಡೆಯ ಕನ್ನಡದವರಲ್ಲೂ ಈ ವರ್ಷ ಯಾರು ಯಾರು ಹೋದರೋ, ಅದನ್ನು ಅಲ್ಲಿಯವರೇ ಬರೆಯಬೇಕು.

ಇತಿ,
ನಿಮ್ಮ ಹಳೆಯ ಓದುಗ, ನಿವೃತ್ತ ಮಾಷ್ಟ್ರು
ಬದಿಯಡ್ಕ, ಕಾಸರಗೋಡು ಜಿಲ್ಲೆ